ನನ್ನ ಫ್ರಿಜ್ಜು, ಅವಳ ಬಾಲ್ಕನಿ

ಮಗಳಿಗೆ ಹದಿನಾಲ್ಕು ತುಂಬುವ ಹೊತ್ತಿಗೆ ನಮ್ಮಿಬ್ಬರ ನಡುವೆ ಊಟ ಬಿಟ್ಟು ಬೇರೆ ಮಾತೇ ಉಳಿದಿರಲಿಲ್ಲ. ತಿನ್ನು. ಬೇಡ. ಇನ್ನೊಂದು ತುತ್ತು ಕಣೇ. ಬೇಡ ಅಂದ್ನಲ್ಲಮ್ಮಾ. ಸಾರಿನಲ್ಲಿ ಕರಿಬೇವು ಸಿಕ್ಕರೆ ಸತ್ತ ಹುಳ ಸಿಕ್ಕಿದಂತೆ ಎರಡು ಬೆರಳಲ್ಲಿ ಎತ್ತಿ ತಟ್ಟೆಯ ಅಂಚಿಗಿಡುತ್ತಿದ್ದಳು. ಹುಳಿಯನ್ನವೆಂದರೆ ಮೂಗು ಮುರಿಯುವುದು, ಪಲ್ಯವೆಂದರೆ ಮುಖ ಗಂಟು ಹಾಕುವುದು. ಉಪ್ಪಿಟ್ಟಿನ ಹೆಸರೆತ್ತಿದರೆ ರೂಮಿನ ಬಾಗಿಲು ದಢಾರ್! ನನಗೋ ಅವಳು ನನ್ನ ಜೊತೆ ಕೂತು ಹೊಟ್ಟೆ ತುಂಬ ಉಂಡರೆ ಸಾಕಾಗಿತ್ತು. ಆಗ ನಾನು ದೇವರಲ್ಲಿ ಕೇಳುತ್ತಿದ್ದದ್ದೂ ಅದೊಂದನ್ನೇ.

ಸ್ಟಾಕ್‌ಹೋಮ್ ಪಕ್ಕದ ಸುಂಡ್‌ಬೀಬರ್ಗ್‌ನಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ ನಮ್ಮದು. ನಮ್ಮ ಮನೆಯವರ ಕಂಪ್ಯೂಟರ್ ಕೆಲಸಕ್ಕೆಂದು ಬೆಂಗಳೂರು ಬಿಟ್ಟು ಬಂದವರು. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಅಡುಗೆಮನೆ ಅಂಗೈಯಗಲ, ಫ್ರಿಜ್ಜು ಅದಕ್ಕೆ ತಕ್ಕಂಥದ್ದೇ. ದೋಸೆ ಹಿಟ್ಟು, ಮೊಸರು, ತುರಿದ ಕಾಯಿ, ವಾರಕ್ಕಾಗುವಷ್ಟು ಸೊಪ್ಪು, ದೇವರಿಗೆ ಎತ್ತಿಟ್ಟ ಹಾಲು ಎಲ್ಲ ಅದರೊಳಗೇ. ತಲೆಮಾರುಗಳಿಂದ ಮೊಟ್ಟೆಯನ್ನೂ ಮುಟ್ಟದ ಮನೆತನ ನಮ್ಮದು.

ಒಂದು ಚಳಿಗಾಲದ ಸಂಜೆ ಮಗಳು ಎದುರಿಗೆ ಬಂದು ನಿಂತಳು. "ಅಮ್ಮಾ, ನಾನು ಸ್ಕೂಲಲ್ಲಿ ಮೀಟ್‌ಬಾಲ್ಸ್ ತಿಂತೀನಿ. ತುಂಬಾ ದಿನದಿಂದ. ನಿನ್ನಿಂದ ಮುಚ್ಚಿಡೋಕೆ ಇಷ್ಟ ಇಲ್ಲ. ಮನೇಲೂ ಒಂದು ಪ್ಯಾಕೆಟ್ ಇಟ್ಕೊಳ್ಳಲಾ?"

ಕದ್ದು ತಿನ್ನದೆ ಎದುರು ಬಂದು ಕೇಳಿದಳಲ್ಲ, ಅದಕ್ಕಾದರೂ ತಲೆ ಸವರಬೇಕಿತ್ತು. ನನ್ನ ಬಾಯಿ ಎಲ್ಲಿ ಸುಮ್ಮನಿರುತ್ತೆ? "ಹೊರಗೆ ಏನು ಬೇಕಾದ್ರೂ ತಿನ್ನು, ನಿನ್ನ ಹಣೆಬರಹ. ನನ್ನ ಫ್ರಿಜ್ಜಿಗೆ ಮಾತ್ರ ಅದು ಬರಕೂಡದು" ಎಂದೆ. ಅವರಪ್ಪ ಪೇಪರಿನಿಂದ ತಲೆಯೆತ್ತಲಿಲ್ಲ. ಅವಳು "ಬಾಲ್ಕನೀಲಿ?" ಎಂದು ಕೇಳಿದಳು.

ಬಾಲ್ಕನಿಯಲ್ಲಿ ಆಗ ಹಿಮ. ಹಾಳಾಗಿ ಹೋಗಲಿ ಎಂದು ಒಪ್ಪಿದೆ.

ಎಲ್ಲಿಂದಲೋ ಒಂದು ಥರ್ಮೋಕೋಲ್ ಪೆಟ್ಟಿಗೆ ತಂದಳು. ಹಕ್ಕಿಗಳು ಕುಕ್ಕದಂತೆ ಮುಚ್ಚಳದ ಮೇಲೊಂದು ಕಲ್ಲು, ಒಳಗೊಂದು ಥರ್ಮಾಮೀಟರು. ಇಲ್ಲಿನ ಸ್ಕೂಲಿನಲ್ಲಿ ಹುಡುಗ ಹುಡುಗಿ ಎನ್ನದೆ ಎಲ್ಲರಿಗೂ ಅಡುಗೆಯ ಪಾಠವಿದೆ. ತಿನ್ನುವ ಪದಾರ್ಥ ಎಂಟು ಡಿಗ್ರಿಗಿಂತ ತಂಪಾಗಿರಬೇಕೆಂದು ಅಲ್ಲಿ ಕಲಿತಿದ್ದಳು. ಪುಟ್ಟ ಬಾಣಲೆ, ಒಂದು ತಟ್ಟೆ, ಅವೂ ಪೆಟ್ಟಿಗೆಯ ಪಕ್ಕದಲ್ಲೇ. ನಾನು ಸ್ನಾನಕ್ಕೆ ಹೋದಾಗ ಬಿಸಿ ಮಾಡಿಕೊಂಡು ರೂಮಿನಲ್ಲಿ ಕೂತು ತಿಂದು, ನನಗೆ ವಾಸನೆ ಬಾರದಿರಲೆಂದು ಆ ಚಳಿಯಲ್ಲೂ ಕಿಟಕಿ ತೆಗೆದಿಡುತ್ತಿದ್ದಳು. ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಕೂತಿರುತ್ತಿದ್ದಳು ನನ್ನ ಕೂಸು. ಈಗ ನೆನೆಸಿಕೊಂಡರೆ ಕರುಳು ಚುರ್ ಅನ್ನುತ್ತೆ. ಆಗ, ಕಿಟಕಿ ತೆಗೆದು ಹೀಟರಿನ ಶಾಖವೆಲ್ಲ ಬೀದಿಗೆ ಬಿಡ್ತೀಯಲ್ಲೇ ಎಂದು ಅದಕ್ಕೂ ಬೈದಿದ್ದೆ.

ಅದೇ ಪಾಠದ ಹುರುಪಿನಲ್ಲಿ ಒಂದು ರಾತ್ರಿ ನನಗೂ ಬುದ್ಧಿ ಹೇಳಲು ಬಂದಳು. "ಅಮ್ಮಾ, ಮಿಕ್ಕಿದ ಅನ್ನಾನ ಹೊರಗಡೆ ಇಡಬಾರದಂತೆ. ಬೇಗ ಆರಿಸಿ ಫ್ರಿಜ್ಜಲ್ಲಿ ಇಡಬೇಕಂತೆ. ಆಮೇಲೆ ಎಷ್ಟು ಬಿಸಿ ಮಾಡಿದ್ರೂ ಅದರ ವಿಷ ಹೋಗಲ್ವಂತೆ."

ನಾನು ನಕ್ಕುಬಿಟ್ಟೆ. "ನಿಮ್ಮ ಟೀಚರು ಹುಟ್ಟೋಕೆ ಮುಂಚಿನಿಂದ ನಾವು ಅನ್ನ ಮಾಡ್ಕೊಂಡು ಬಂದಿದೀವಿ ಕಣೇ. ಫ್ರಿಜ್ಜಲ್ಲಿಟ್ಟ ಅನ್ನ ಕಲ್ಲಾಗುತ್ತೆ. ಚಿತ್ರಾನ್ನಕ್ಕೆ ಉದುರುದುರಾಗಿರಬೇಕು." ಹಾಗಂದು ಅನ್ನದ ಪಾತ್ರೆಗೆ ತಟ್ಟೆ ಮುಚ್ಚಿ, ಎಂದಿನಂತೆ ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟೆ. ನನ್ನ ತಾಯಿಯೂ ಹಾಗೇ ಇಡುತ್ತಿದ್ದರು, ಅತ್ತೆಯೂ ಹಾಗೇ. ಹಗಲೂ ರಾತ್ರಿ ಹೀಟರ್ ಉರಿಯುವ, ಕಿಟಕಿ ಬಿಗಿದ ಮನೆಯಲ್ಲಿ ಅವರ್ಯಾರೂ ಅನ್ನ ಇಟ್ಟವರಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ.

ಮಾರ್ಚಿನಲ್ಲಿ ಹಿಮ ಕರಗತೊಡಗಿತು. ಬಾಲ್ಕನಿಗೆ ಬಿಸಿಲು ಬೀಳುವುದನ್ನು ನೋಡಿ ಒಂದು ಶನಿವಾರ ಮತ್ತೆ ಜಗಳ ತೆಗೆದೆ. ಅದು ಕೊಳೆಯುತ್ತೆ, ನಾರುತ್ತೆ, ಪಕ್ಕದ ಮನೆಯವರು ಕಂಪ್ಲೇಂಟ್ ಕೊಡ್ತಾರೆ, ನನ್ನ ಮಾನ ಕಳೀಬೇಡ ಅಂತೆಲ್ಲ ಬಾಯಿಗೆ ಬಂದದ್ದು ಆಡಿದೆ. ಮರುದಿನ ಬೆಳಿಗ್ಗೆ ಅವಳು ತಾನಾಗಿ ಬಂದು ಮೇಜಿಗೆ ಕೂತು, "ಏನಮ್ಮಾ ತಿಂಡಿ?" ಎಂದಳು. ಚಿತ್ರಾನ್ನ. ರಾತ್ರಿ ಉಳಿದಿದ್ದ ಅನ್ನದ್ದು. ಒಂದು ಕ್ಷಣ ತಟ್ಟೆಯನ್ನು ನೋಡಿದಳು. ಆಮೇಲೆ ಕರಿಬೇವನ್ನೂ ಆರಿಸದೆ ತಿಂದಳು. ಇನ್ನೊಂದು ಸೌಟು ಬಡಿಸಿದರೆ ಅದನ್ನೂ ತಿಂದಳು, ನಮಗಿಬ್ಬರಿಗೆ ಉಳಿಯಲೇ ಇಲ್ಲ. ನನಗೆ ಸ್ವರ್ಗಕ್ಕೆ ಮೂರೇ ಗೇಣು. ನಮ್ಮ ಮನೆಯವರ ಕಡೆ ತಿರುಗಿ, ನೋಡಿದ್ರಾ, ಬೈದರೇನೇ ದಾರಿಗೆ ಬರೋದು ಎಂದು ಹುಬ್ಬು ಹಾರಿಸಿದೆ.

ಮಧ್ಯಾಹ್ನದೊಳಗೆ ವಾಂತಿ ಶುರುವಾಯಿತು. ಒಂದಾದ ಮೇಲೊಂದು. ಬಚ್ಚಲುಮನೆಯ ನೆಲಕ್ಕೆ ಒರಗಿದವಳ ತುಟಿ ಬೆಳ್ಳಗಾಗಿತ್ತು. ನಮ್ಮ ಮನೆಯವರು ಆರೋಗ್ಯ ಸಲಹೆಯ ನಂಬರಿಗೆ ಫೋನ್ ಹಚ್ಚಿದರು. ನಾನು ಅವಳ ಬೆನ್ನು ನೀವಬೇಕಿತ್ತು. ನೀವಿದೆನೇ? ಇಲ್ಲ. ಅವಳ ತಲೆಯ ಮೇಲೆ ನಿಂತು ಕೂಗಾಡಿದೆ. "ಬಡ್ಕೊಂಡೆ! ಆ ದರಿದ್ರ ಮಾಂಸ ಬಿಸಿಲಲ್ಲಿ ಕೊಳೀತಾ ಇದೆ ಅಂತ ನಿನ್ನೆ ತಾನೇ ಬಡ್ಕೊಂಡೆ!" ಅಷ್ಟಕ್ಕೇ ಬಿಡದೆ ಬಾಲ್ಕನಿಗೆ ನುಗ್ಗಿ, ಎತ್ತಿ ಬಿಸಾಡುತ್ತೇನೆಂದು ಕಲ್ಲನ್ನು ತಳ್ಳಿ ಮುಚ್ಚಳ ತೆಗೆದೆ.

ಪೆಟ್ಟಿಗೆ ಖಾಲಿ. ತೊಳೆದು ಒಣಗಿಸಿ ತಳಕ್ಕೆ ಪೇಪರ್ ಹಾಸಿದ್ದಳು. ಥರ್ಮಾಮೀಟರ್ ಹನ್ನೊಂದು ತೋರಿಸುತ್ತಿತ್ತು. ಬಿಸಿಲು ಏರಿದ್ದನ್ನು ನನಗಿಂತ ಮೊದಲೇ ನೋಡಿ ಎಲ್ಲವನ್ನೂ ಎಸೆದಿದ್ದಳು.

ಒಳಗೆ ಅವರಪ್ಪ ಫೋನಿನಲ್ಲಿ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದರು. ಹೌದು, ಅನ್ನ. ನಿನ್ನೆ ರಾತ್ರಿಯದು. ಇಲ್ಲ, ಫ್ರಿಜ್ಜಲ್ಲಿ ಅಲ್ಲ, ಹೊರಗಡೆ. ಒಂದೊಂದು ಉತ್ತರಕ್ಕೂ ಅವರ ದನಿ ಇಳಿಯುತ್ತಾ ಹೋಯಿತು. ನನ್ನ ಕಡೆ ನೋಡಲಿಲ್ಲ. ಬಚ್ಚಲುಮನೆಯಿಂದ ಮಗಳು, "ಅಮ್ಮಂಗೆ ಹೇಳ್ಬೇಡ ಅಪ್ಪಾ" ಎಂದಳು. ತಿನ್ನುವಾಗಲೇ ಅವಳಿಗೆ ಗೊತ್ತಿತ್ತು! ಗೊತ್ತಿದ್ದೂ ನನ್ನ ಮುಖ ನೋಡಿ ತಿಂದಿದ್ದಳು.

ಮರುದಿನಕ್ಕೆ ಚೇತರಿಸಿಕೊಂಡಳು. ಅಷ್ಟರೊಳಗೆ ನಾನು ಫ್ರಿಜ್ಜಿನ ಕೆಳಗಿನ ಖಾನೆ ಪೂರ್ತಿ ಖಾಲಿ ಮಾಡಿ, ಉಜ್ಜಿ ಒರೆಸಿ, "ಇದು ನಿಂದು ಪುಟ್ಟಿ, ಏನು ಬೇಕೋ ಇಟ್ಕೋ" ಎಂದೆ. ಅವಳು ತಣ್ಣಗೆ, "ಬೇಡಮ್ಮ, ನಿಂಗೆ ಹಿಂಸೆ ಆಗುತ್ತೆ" ಎಂದಳು. ಸಿಟ್ಟಿನಿಂದ ಹೇಳಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಆ ಖಾನೆಯಲ್ಲಿ ಅವಳು ಏನನ್ನೂ ಇಡಲಿಲ್ಲ. ಬ್ರೆಡ್ಡು, ಬಾಳೆಹಣ್ಣು ತಿಂದು, ಹಾಲು ಕುಡಿದೇ ಸ್ಕೂಲು ಮುಗಿಸಿದಳು. ನಾನು ಬಡಿಸಲು ಹೋದರೆ ಹಸಿವಿಲ್ಲ ಎನ್ನುತ್ತಿದ್ದಳು. ನಾನೂ ಒತ್ತಾಯ ಮಾಡುವುದನ್ನು ಬಿಟ್ಟೆ. ಒತ್ತಾಯ ಮಾಡಲು ಯಾವ ಮುಖವಿತ್ತು ನನಗೆ?

ಆಮೇಲೆ ಓದಲಿಕ್ಕೆಂದು ಲಿಂಕೋಪಿಂಗ್ ಎಂಬ ಊರಿಗೆ ಹೋದಳು. ಮೊದಲ ಸಲ ಅವಳ ರೂಮಿಗೆ ಹೋದಾಗ ನನ್ನ ಚೀಲದಲ್ಲಿ ಸಾರಿನ ಪುಡಿ, ಚಟ್ನಿಪುಡಿ, ಒಂದು ಡಬ್ಬಿ ಮೊಸರು. ಮೊಸರು ಎಲ್ಲಿಡಲಿ ಎಂದು ಕೇಳಿದ್ದಕ್ಕೆ ಅವಳೇ ಬಂದು ತನ್ನ ಪುಟ್ಟ ಫ್ರಿಜ್ಜು ತೆಗೆದಳು. ಕೆಳಗಿನ ಖಾನೆಯಲ್ಲಿ ಮಾಂಸದ ಪೊಟ್ಟಣ, ಮೊಟ್ಟೆ, ಚೀಸು ಒಂದರ ಮೇಲೊಂದು ಒತ್ತರಿಸಿಕೊಂಡಿದ್ದವು. ಮೇಲಿನದನ್ನು ಒರೆಸಿ ಖಾಲಿ ಇಟ್ಟಿದ್ದಳು.

"ಮೇಲಿಂದು ನಿಂಗೆ. ಅಲ್ಲಿ ನಾನು ಯಾವತ್ತೂ ಅದೆಲ್ಲ ಇಟ್ಟಿಲ್ಲ" ಎಂದಳು.

ಡಬ್ಬಿ ಹಿಡಿದುಕೊಂಡು ನಿಂತೇ ಇದ್ದೆ. ಕಣ್ಣು ತುಂಬಿ ಬಂತು. "ನಾನೂ ನಿಂಗೆ ಹೀಗೊಂದು ಜಾಗ ಕೊಡಬಹುದಿತ್ತು ಕಣೇ. ನೀನು ಕೇಳಿದಾಗಲೇ ಕೊಡಬಹುದಿತ್ತು."

"ಹೂಂ, ಕೊಡಬಹುದಿತ್ತು" ಎಂದಳು. ಆಮೇಲೆ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು ಮೇಲಿನ ಖಾನೆಯಲ್ಲಿಟ್ಟಳು. "ಬಾಗಿಲು ಹಾಕಮ್ಮ, ತಂಪು ಹೋಗುತ್ತೆ."