ಗೋಡೆಯ ಮೇಲಿನ ಮೂರನೆಯ ಹಸಿರು

ನನ್ನ ಅತ್ತಿಗೆಯ ಬಲಗೈ ಮಣಿಕಟ್ಟು ಇಂದಿಗೂ ಪೂರ್ತಿ ತಿರುಗುವುದಿಲ್ಲ. ಡಬ್ಬದ ಮುಚ್ಚಳ ತೆಗೆಯಬೇಕಾದರೆ ಡಬ್ಬವನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಎಡಗೈಯಿಂದ ತಿರುಗಿಸುತ್ತಾಳೆ. ಏನಾಯಿತೆಂದು ಕೇಳಿದವರಿಗೆಲ್ಲ "ಜಾರಿ ಬಿದ್ದೆ" ಅನ್ನುತ್ತಿದ್ದಳು. ನಮ್ಮ ಬೀದಿಯಲ್ಲಿ ಹೀಗೆ ಜಾರಿ ಬಿದ್ದ ಹೆಂಗಸರನ್ನೆಲ್ಲ ಲೆಕ್ಕ ಹಿಡಿದಿದ್ದರೆ, ಪುರಸಭೆಯವರು ಪ್ರತಿ ಮನೆಯ ನೆಲವನ್ನೂ ಕಿತ್ತು ಹೊಸದಾಗಿ ಹಾಸಬೇಕಿತ್ತು.

ಅವಳು ಜಾರಿ ಬೀಳಲಿಲ್ಲ. ನಮ್ಮಣ್ಣ ಮರದ ಸುತ್ತಿಗೆಯಿಂದ ಹೊಡೆದ.

ಅಣ್ಣ ಬಸ್ ಡಿಪೋದಲ್ಲಿ ಟಿಂಕರ್ ಆಗಿದ್ದ. ನೆಗ್ಗಿದ ತಗಡನ್ನು ಬಡಿದು ಮೊದಲಿನಂತೆ ಮಾಡುವ ಕೆಲಸ. ಬೆನ್ನ ಹಿಂದೆ ಎಲ್ಲರೂ ಅವನನ್ನು 'ಸುತ್ತಿಗೆ' ಎನ್ನುತ್ತಿದ್ದರು. ಎದುರಿಗೇ ಅಂದವನೊಬ್ಬನ ಹಲ್ಲು ಡಿಪೋದ ಗ್ರೀಸಿನಲ್ಲೇ ಉಳಿಯಿತು. ಕೆಲಸದಲ್ಲಿ ಮಾತ್ರ ಗಟ್ಟಿಗ. ಕಣ್ಣು ಮುಚ್ಚಿ ಅಂಗೈಯಿಂದ ತಗಡು ಸವರಿದನೆಂದರೆ ಕೂದಲೆಳೆಯಷ್ಟು ತಗ್ಗಿದ್ದರೂ ಹೇಳುತ್ತಿದ್ದ. ಆದರೆ ಬಣ್ಣ ಅವನಿಗೆ ಒಲಿಯಲಿಲ್ಲ. ಹಸಿರು, ಕಂದು, ಬೂದು ಎಲ್ಲವೂ ಅವನಿಗೆ ಒಂದೇ, ಹುಟ್ಟಿದಾಗಿನಿಂದ ಹಾಗೆ. ಮನೆಯವರ ಹೊರತು ಇದು ಯಾರಿಗೂ ಗೊತ್ತಿರಲಿಲ್ಲ. ಗೊತ್ತುಮಾಡುವ ಧೈರ್ಯ ನಮಗೂ ಇರಲಿಲ್ಲ.

ಕಾರು ಅಪ್ಪನದು. ಅಪ್ಪನ ಕಾಲದಲ್ಲೇ ಹಳೆಯದು, ದುಂಡು ಬೆನ್ನಿನದು. ಅದರ ಬಾನೆಟ್ಟಿನಲ್ಲೊಂದು ತಗ್ಗಿತ್ತು. ಆ ತಗ್ಗು ಅಣ್ಣನ ತಲೆಯದು. ಕೇಳದೆ ಸ್ಟಿಯರಿಂಗ್ ಮುಟ್ಟಿದ್ದಕ್ಕೆ ಅಪ್ಪ ಕೂದಲು ಹಿಡಿದು ಬಡಿದಿದ್ದ. ಪಾಪ, ಅದಕ್ಕೇ ಹೀಗಾದ ಎಂದು ನೀವು ಮರುಗಲು ಹೋಗಬೇಡಿ. ಅದೇ ಬಾನೆಟ್ಟಿಗೆ ನನ್ನ ತಲೆಯೂ ಬಡಿದಿದೆ. ನಾನು ಅವನ ತಂಗಿ, ಹೊಲಿಗೆ ಕಲಿತು ಅದೇ ಮನೆಯಲ್ಲಿದ್ದುಕೊಂಡು ಹೊಟ್ಟೆ ಹೊರೆದುಕೊಂಡೆ, ಯಾರ ಕೈಯನ್ನೂ ಮುರಿಯಲಿಲ್ಲ.

ನಿವೃತ್ತನಾದ ಮೇಲೆ ಅಣ್ಣ ಆ ಕಾರನ್ನು ಹಿತ್ತಲ ಶೆಡ್ಡಿಗೆ ಎಳೆದು ತಂದು, ಹೊಸದಾಗಿದ್ದಾಗ ಹೇಗಿತ್ತೋ ಹಾಗೇ ಮಾಡುತ್ತೇನೆಂದು ಕೂತ. ಮಾಡಿದ್ದು ಅವನು, ಮೈ ಮುರಿದುಕೊಂಡದ್ದು ಅತ್ತಿಗೆ. ಅವಳು ಒಳಗಿನಿಂದ ಕಬ್ಬಿಣದ ಗಟ್ಟಿ ಒತ್ತಿಹಿಡಿಯಬೇಕು, ಅವನು ಹೊರಗಿನಿಂದ ಬಡಿಯಬೇಕು. ಕೈ ಒಂದಿಷ್ಟು ಸರಿದರೆ ಮುಂದಿನ ಏಟು ಅವಳ ಬೆನ್ನಿಗೆ. ತುಕ್ಕು ಹಿಡಿದ ಬೋಲ್ಟು, ಕೀಲುಗಳನ್ನು ಕಾಸ್ಟಿಕ್ ಸೋಡದ ನೀರಿನಲ್ಲಿ ಅದ್ದಿ ಹಳೆಯ ಬಣ್ಣ ಸುಲಿಯುವುದೂ ಅವಳ ಪಾಲಿಗೇ. ಬೆರಳ ಚರ್ಮ ಎದ್ದು ಬರುತ್ತಿತ್ತು. ನಾನು ಒಂದು ಜೊತೆ ರಬ್ಬರ್ ಕೈಗವಸು ತಂದುಕೊಟ್ಟರೆ, "ರಾಣಿಯಮ್ಮನಿಗೆ ಕೈಗವಸು ಬೇರೆ ಕೇಡು" ಎಂದು ಅಣ್ಣ ಅದನ್ನು ಕತ್ತರಿಸಿ ಎಸೆದ.

ಕಾರಿಗೆ ಅಪ್ಪ ಕಪ್ಪು ಬಳಿಸಿದ್ದ, ಅದರ ಮೇಲೆ ಬಿಳಿ. ಎಲ್ಲಕ್ಕೂ ಕೆಳಗಿನ ಮೊದಲ ಬಣ್ಣ ಹಸಿರು. ಅದು ಕಂಡದ್ದು ಡಿಕ್ಕಿಯೊಳಗೆ, ಸ್ಟೆಪ್ನಿ ಕೂರುವ ಜಾಗದ ಹಿಂದೆ, ಅಂಗೈಯಗಲ. ಅಣ್ಣ ಅದರ ಮೇಲೆ ಕಾಗದದ ಟೇಪು ಅಂಟಿಸಿದ. "ಪೇಂಟ್ ಅಂಗಡಿಯವನು ಇದನ್ನ ನೋಡೇ ಬಣ್ಣ ಬೆರೆಸಬೇಕು. ಇದನ್ನ ಮುಟ್ಟಿದವರ ಕೈ ಮುರೀತೀನಿ" ಅಂದ.

ಡಿಕ್ಕಿಯ ಒಳಮೈ ಉಜ್ಜುವ ದಿನ ಬಂತು. ಉಜ್ಜುಕಾಗದಕ್ಕೆ ನೀರು ಹಾಕಿಕೊಂಡು ಉಜ್ಜುವುದನ್ನು ಅವಳಿಗೆ ಅಣ್ಣನೇ ಕಲಿಸಿದ್ದ: "ಕಣ್ಣಲ್ಲಿ ನೋಡಬೇಡ, ಕೈಯಲ್ಲಿ ನೋಡು. ಕೈಗೆ ನುಣ್ಣಗಾಗೋವರೆಗೂ ಬಿಡಬೇಡ." ಅವಳು ಹೇಳಿದಂತೆಯೇ ಮಾಡಿದಳು. ತಲೆಯನ್ನು ಡಿಕ್ಕಿಯೊಳಗೆ ತೂರಿಸಿ, ಕತ್ತಲಲ್ಲಿ, ಕೈಯಿಂದಲೇ ನೋಡುತ್ತ ಉಜ್ಜಿದಳು. ನೀರಿಗೆ ನೆನೆದ ಟೇಪು ಯಾವಾಗಲೋ ಕಳಚಿಬಿದ್ದಿತ್ತು. ಕೈ ಹೊರಗೆ ತೆಗೆದರೆ ಬೆರಳೆಲ್ಲ ಹಸಿರು ನೀರು.

ಸೌದೆ ಮುರಿದಂಥ ಸದ್ದು ನನ್ನ ಹೊಲಿಗೆ ಮಿಷನ್ನಿನ ಸದ್ದನ್ನೂ ಮೀರಿ ಕೇಳಿಸಿತು. ಓಡಿದೆ. ಮರದ ಸುತ್ತಿಗೆ ನೆಲದಲ್ಲಿ ಬಿದ್ದಿತ್ತು, ಅತ್ತಿಗೆಯ ಬಲಗೈ ಮಣಿಕಟ್ಟಿನಿಂದ ಜೋತಿತ್ತು. ಅಣ್ಣ ಡಿಕ್ಕಿಯ ಮುಚ್ಚಳ ಹಿಡಿದು ಅವಳ ಬೆನ್ನ ಮೇಲೆ ಎತ್ತೆತ್ತಿ ಹಾಕುತ್ತಿದ್ದ. ನನ್ನ ಕೈಯಲ್ಲಿ ಬಟ್ಟೆ ಕತ್ತರಿಯಿತ್ತು. ಅವನ ತೋಳಿಗೆ ಚುಚ್ಚಿದೆ. ಅವನು ನನ್ನನ್ನು ಗೋಡೆಗೆ ಎಸೆದ. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಹಾಗಂದವರು ಯಾರೂ ಹೊಡೆಸಿಕೊಂಡವರಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ.

ಇನ್ನು ಬಣ್ಣ ಹೇಳಬಲ್ಲವರು ಇಬ್ಬರೇ. ಆ ಕಾರು ಹಸಿರಾಗಿದ್ದಾಗ ಅದರಲ್ಲೇ ಮದುವಣಗಿತ್ತಿಯಾಗಿ ಬಂದ ಅತ್ತಿಗೆ, ಮತ್ತು ನಾನು. ಬಟ್ಟೆಗೆ ನೂಲು ಹೊಂದಿಸಿ ಹೊಂದಿಸಿ ನನ್ನ ಕಣ್ಣು ಪಳಗಿತ್ತು. ಅಣ್ಣ ಅಂಗಡಿಯಿಂದ ಒಂದೊಂದೇ ಹಸಿರು ತಂದು ಶೆಡ್ಡಿನ ಗೋಡೆಗೆ ಬಳಿದು ಅತ್ತಿಗೆಯನ್ನು ಕರೆಯುತ್ತಿದ್ದ. ಮೊದಲ ಎರಡು ಅಲ್ಲವೇ ಅಲ್ಲ. ಮೂರನೆಯದು ಬಳಿದ. ನೆನೆದ ಹೆಸರುಕಾಳಿನ ಹಸಿರು. ಅದೇ, ಥೇಟ್ ಅದೇ.

ಅತ್ತಿಗೆಯ ಕೈ ಇನ್ನೂ ಪ್ಲಾಸ್ಟರಿನಲ್ಲಿತ್ತು. ಬಹಳ ಹೊತ್ತು ಗೋಡೆ ನೋಡಿ, "ಇದಲ್ಲ" ಅಂದಳು.

ಅಣ್ಣ ನನ್ನ ಕಡೆ ತಿರುಗಿದ. "ನೀನೇನಂತೀಯೆ?"

"ಅಲ್ಲಣ್ಣ. ಇದರ ಹತ್ತಿರಾನೂ ಇಲ್ಲ" ಅಂದೆ.

ಆಮೇಲೆ ನಾವಿಬ್ಬರೂ ಇದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡುವುದೇನಿತ್ತು? ಅವನಿಗೆ ಅವಳ ಕಣ್ಣು ಬೇಕಿತ್ತು. ಕಪಾಳಕ್ಕೆ ಬಾರಿಸಿ ಕಣ್ಣು ಊದಿಕೊಂಡರೆ ಬಣ್ಣ ನೋಡುವವರು ಯಾರು? ಹಸಿರು ಸಿಗುವ ತನಕ ಅವನು ಕೈ ಎತ್ತುವುದಿಲ್ಲ. ಸಿಕ್ಕ ದಿನ ಹಳೆಯ ಬಾಕಿಯನ್ನೆಲ್ಲ ಸೇರಿಸಿ ಎತ್ತುತ್ತಾನೆ. ಗೋಡೆ ಮಾಡಿನ ತನಕ ಹಸಿರಾಯಿತು. ಅಣ್ಣ ರೇಡಿಯೋ ಒಡೆದ, ಕುರ್ಚಿ ಮುರಿದ, ಪಕ್ಕದ ಮನೆ ನಾಯಿಯ ಪಕ್ಕೆಗೆ ಒದ್ದ. ಅವಳನ್ನು ಮುಟ್ಟಲಿಲ್ಲ. ಅತ್ತಿಗೆಯ ಕೆನ್ನೆ ತುಂಬಿಕೊಂಡಿತು. ಒಲೆಯ ಮುಂದೆ ಏನೋ ಗುನುಗುವುದು ಕೇಳಿಸುತ್ತಿತ್ತು. ಮದುವೆಯಾಗಿ ಬಂದ ಮೇಲೆ ಅವಳ ದನಿಯಲ್ಲಿ ಹಾಡು ನಾನು ಕೇಳಿದ್ದು ಅದೇ ಮೊದಲು.

ತಗಡಿನ ಕೆಲಸ ಮುಗಿಯಿತೆಂದು ಪ್ರೈಮರ್ ಹೊಡೆಯಲು ಅಣ್ಣ ತನ್ನ ಹಳೆಯ ಗೆಳೆಯ ಪೇಂಟರನ್ನು ಕರೆಸಿದ. ಒಳ್ಳೆಯ ಮನುಷ್ಯ, ಬಾಯಿ ಮಾತ್ರ ಬೊಂಬಾಯಿ. ಬಾಗಿಲ ಒಳಹಲಗೆ ಬಿಚ್ಚಿದವನೇ ನಕ್ಕ.

"ಏನಯ್ಯಾ ನೀನು! ವರ್ಷಗಟ್ಟಲೆ ಹುಡುಕ್ತಿದೀನಿ ಅಂತೀಯ, ಬಾಗಿಲ ಹೊಟ್ಟೇಲೇ ಇದೆಯಲ್ಲೋ ಹಳೇ ಬಣ್ಣ! ಗೋಡೆ ಮೇಲೂ ಬಳಿದಿದೀಯ. ಕೆಳಗಿಂದ ಮೂರನೇದು ನೋಡು, ಅದೇ ಇದು. ಕಣ್ಣು ಕಾಣಲ್ವಾ ನಿಂಗೆ?"

ಅಣ್ಣ ಗೋಡೆಯ ಬಳಿಗೆ ಹೋಗಿ ಬೆರಳಿಟ್ಟು ಎಣಿಸಿದ. ಮೂರಕ್ಕೆ ನಿಂತ. ಅವನ ಕತ್ತಿನ ನರ ಉಬ್ಬಿದ್ದು ಬಾಗಿಲಲ್ಲಿ ನಿಂತಿದ್ದ ನನಗೂ ಕಂಡಿತು. ಪೇಂಟರ್ ನಗು ನುಂಗಿಕೊಂಡು ಹಿಂದೆ ಸರಿದ.

ಅತ್ತಿಗೆ ಮೂಲೆಯಲ್ಲಿ ಕಾಸ್ಟಿಕ್ ನೀರಿನ ಬಕೆಟ್ಟಿನ ಮುಂದೆ ಕೂತಿದ್ದಳು. ಅಣ್ಣ ಈ ಸಲ ಕಬ್ಬಿಣದ ಸುತ್ತಿಗೆ ತೆಗೆದುಕೊಂಡ.

"ಆ ಎರಡೂ ಕಣ್ಣು ಕಿತ್ತು ನಿನ್ನ ಕೈಗೆ ಕೊಡ್ತೀನಿ ಕಣೇ!"

ಮೊದಲು ಸುತ್ತಿಗೆಯನ್ನು ಎಸೆದ. ಅವಳು ಬಗ್ಗಿದಳು, ಹಿಂದಿದ್ದ ಕಾರಿನ ಗಾಜು ಪುಡಿಯಾಗಿ ಅವಳ ಕೂದಲ ತುಂಬ ಉದುರಿತು. ಅವನು ಬರಿಗೈಯಲ್ಲೇ ಅವಳ ಕುತ್ತಿಗೆಗೆ ಬಿದ್ದ. ನಾನು ಅವನ ಬೆನ್ನಿಗೆ ಜೋತುಬಿದ್ದೆ, ಪೇಂಟರ್ ಸೊಂಟ ಹಿಡಿದ. ಎಮ್ಮೆಯ ಮೇಲೆ ನೊಣ ಕೂತಂತಾಯಿತು. ಅತ್ತಿಗೆಯ ಮುಖ ಕಪ್ಪಿಟ್ಟಿತು, ಕಾಲು ನೆಲ ಕೆರೆಯಿತು. ಆಗ ಅವಳ ಎಡಗೈ ಬಕೆಟ್ಟಿಗೆ ಇಳಿದು ಒಳಗಿದ್ದ ತಗಡಿನ ಮಗ್ಗು ಹುಡುಕಿತು. ಕಣ್ಣಿನಿಂದಲ್ಲ, ಕೈಯಿಂದ ನೋಡಿಯೇ ಎರಚಿದಳು.

ಆ ಕೂಗನ್ನು ನಾನು ಬರೆಯಲಾರೆ. ಕೊಳಾಯಿಯ ಪೈಪನ್ನು ಅವನ ಮುಖಕ್ಕೆ ಹಿಡಿದವಳು ನಾನೇ. ಎಷ್ಟೆಂದರೂ ಅಣ್ಣ. ಆದರೆ ಒಂದು ಕಣ್ಣು ಅಲ್ಲೇ ಹೋಯಿತು, ಇನ್ನೊಂದಕ್ಕೆ ಬಿಸಿಲೂ ನೆರಳೂ ಬಿಟ್ಟು ಬೇರೇನೂ ತಿಳಿಯದು. ಆಸ್ಪತ್ರೆಯಲ್ಲಿ ಏನಾಯಿತೆಂದು ಕೇಳಿದರು. ಹೆಂಡತಿ ಎರಚಿದಳು ಎನ್ನುವುದಕ್ಕೆ ಅವನ ನಾಲಿಗೆ ಏಳಲಿಲ್ಲ.

"ಜಾರಿ ಬಿದ್ದೆ" ಅಂದ.

ಅತ್ತಿಗೆ ಅವನನ್ನು ಬಿಟ್ಟು ಹೋಗಲಿಲ್ಲ. ಹೊತ್ತಿಗೆ ಸರಿಯಾಗಿ ತಟ್ಟೆ ಇಡುತ್ತಾಳೆ, ಕಣ್ಣಿಗೆ ಔಷಧಿ ಬಿಡುತ್ತಾಳೆ, ಅಷ್ಟೇ. ಯಾಕೆ ಎಂದು ಕೇಳಿದೆ. "ಮನೆ ನಂದೂ ಅಲ್ವಾ? ನಾನ್ಯಾಕೆ ಹೋಗ್ಲಿ?" ಅಂದಳು. ನನಗೆ ಬೇರೆ ಉತ್ತರ ಬೇಕಾಗಿರಲಿಲ್ಲ.

ಪೇಂಟರ್ ತಪ್ಪಿತಸ್ಥನಂತೆ ತಿರುಗಿ ಬಂದು, ಅರ್ಧಕ್ಕೆ ನಿಂತ ಕಾರು ಮುಗಿಸಿಕೊಡುತ್ತೇನೆ, ಮೂರನೆಯ ಹಸಿರನ್ನೇ ಬೆರೆಸಲಾ ಎಂದು ಕೇಳಿದ. ಅತ್ತಿಗೆ ಅಂಗಳದ ದಾಸವಾಳದ ಗಿಡ ತೋರಿಸಿ, "ಈ ಕೆಂಪು" ಅಂದಳು.

ಬಾನೆಟ್ಟಿಗೆ ಕೊನೆಯ ಕೋಟು ಹೊಡೆದ ಮಧ್ಯಾಹ್ನ ವಾಸನೆ ಹಿಡಿದು ಅಣ್ಣ ಶೆಡ್ಡಿಗೆ ಬಂದ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತು ಕೇಳಿದ.

"ಅದೇ ಬಣ್ಣಾನಾ?"

ಅತ್ತಿಗೆ ಅವನೆದುರಿಗೇ ಬಂದು ನಿಂತಳು. "ಅಲ್ಲ."

ಅಣ್ಣನ ಕೈ ಮೇಲೆದ್ದಿತು. ಹುಟ್ಟುಗುಣ ಸುಟ್ಟರೂ ಹೋಗದು. ದನಿ ಬಂದ ಕಡೆಗೆ ಬೀಸಿದ. ಅವಳು ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು, ಅಷ್ಟೇ. ಆ ಕೈ ಹೋಗಿ ಹಸಿ ಬಾನೆಟ್ಟಿನ ಮೇಲೆ ಬಿತ್ತು, ನಮ್ಮಿಬ್ಬರ ತಲೆ ಬಡಿದಿದ್ದ ಜಾಗದಲ್ಲೇ. ಐದು ಬೆರಳೂ ಮೂಡಿದವು.

ಪೇಂಟರ್ ಉಜ್ಜುಕಾಗದ ಹಿಡಿದು ಮುಂದೆ ಬಂದ. ಅತ್ತಿಗೆ ಅವನನ್ನು ತಡೆದಳು.

"ಇರಲಿ ಬಿಡಿ. ಅದನ್ನ ಉಜ್ಜಬೇಡಿ. ಎಲ್ಲರೂ ನೋಡಲಿ."