ನಿವಾಳಿಸಿದ ಉಪ್ಪು

ನಾನು ನಿಂತಿದ್ದು ಬ್ಯಾಡಗಿಯಲ್ಲಿ, ಅಕ್ಕನ ಅಡುಗೆಮನೆಯ ಹೊಸ್ತಿಲಿನ ಹೊರಗೆ. ಹೋದ ತಿಂಗಳ ಒಂದು ಭಾನುವಾರ, ಬೆಳಗಿನ ಚಹಾದ ಹೊತ್ತು. ಇಷ್ಟನ್ನು ಖಚಿತವಾಗಿ ಹೇಳಬಲ್ಲೆ. ಮುಂದೆ ನಡೆದದ್ದರಲ್ಲಿ ಯಾರದು ಸರಿ, ಯಾರದು ತಪ್ಪು ಎಂದು ಕೇಳಿದರೆ ನನಗೆ ಇವತ್ತಿಗೂ ಗೊಂದಲವೇ.

ಅಕ್ಕನ ಮೊಮ್ಮಗಳು ಅನುಗೆ ನಾಲ್ಕು ವರ್ಷ. ಅಕ್ಕನ ಸೊಸೆ ಸುಮಾ ಮಗುವನ್ನು ಅತ್ತೆಯ ಬಳಿ ಬಿಟ್ಟು ಹಿಂದಿನ ದಿನವಷ್ಟೇ ಹಾವೇರಿಯ ತವರಿಗೆ ಹೋಗಿದ್ದಳು. ಅವಳ ತಾಯಿಗೆ ಕಣ್ಣಿನ ಆಪರೇಷನ್. ಅಕ್ಕನ ಮಗನೂ ಊರಲ್ಲಿರಲಿಲ್ಲ. ನಾನು ರಾಣೆಬೆನ್ನೂರಿನಿಂದ ಸುಮ್ಮನೆ ಮಾತಾಡಿಸಿಕೊಂಡು ಬರಲು ಹೋದವನು.

ಹೋದರೆ, ಮಗುವಿಗೆ ರಾತ್ರಿಯಿಂದ ಜ್ವರ, ವಾಂತಿ. ಗೋಡೆಗೆ ಒರಗಿ ಕೂತಿತ್ತು. ಕಣ್ಣುಗಳು ಒಳಗೆ ಹೋಗಿದ್ದವು. ಅಕ್ಕ ಒಂದು ಮುಷ್ಟಿಯಲ್ಲಿ ಉಪ್ಪು, ಒಣ ಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆಯಲು ನಿಂತಿದ್ದಳು. (ನಿವಾಳಿಸಿ ಬೆಂಕಿಗೆ ಹಾಕಿದ ಮೆಣಸಿನಕಾಯಿ ಘಾಟು ಬಾರದಿದ್ದರೆ ದೃಷ್ಟಿ ತಾಗಿದೆ ಎಂದು ಲೆಕ್ಕ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಹೀಗಾಗಿ ಅಕ್ಕನ ಮನೆಯಲ್ಲಿ ಎಲ್ಲರಿಗೂ ಸದಾ ದೃಷ್ಟಿ ತಾಗಿರುತ್ತದೆ.)

ಮುಷ್ಟಿ ಮುಖದ ಮುಂದೆ ಸುತ್ತುತ್ತಿತ್ತು. ಕತ್ತು ಎತ್ತಲೂ ತ್ರಾಣವಿಲ್ಲದ ಮಗು ಎರಡೂ ಕೈಯಿಂದ ಆ ಮುಷ್ಟಿಯನ್ನು ಹಿಡಿದು, ಬೆರಳು ಬಿಡಿಸಿ, ಉಪ್ಪನ್ನು ಬಾಯಿಗೆ ಹಾಕಿಕೊಂಡಿತು. ಸಕ್ಕರೆಯಲ್ಲ, ಉಪ್ಪು.

"ನೋಡೋ ತಮ್ಮಾ, ಮೊದಲಿಂದನೂ ಇದಕ್ಕ ಉಪ್ಪಿನ ಹುಚ್ಚು. ಉಪ್ಪಿನಕಾಯಿ ಭರಣಿ ಮ್ಯಾಲ ಎತ್ತಿ ಇಡಬೇಕಾಗೈತಿ" ಎಂದಳು ಅಕ್ಕ.

ನನಗೆ ನಗು ಬಂತು. ಸುಮಾಗೆ ಫೋನ್ ಮಾಡಿ ಜ್ವರ, ವಾಂತಿಯ ಸುದ್ದಿಯ ಜೊತೆಗೆ ಉಪ್ಪಿನದನ್ನೂ ತಮಾಷೆ ಎಂಬಂತೆ ಹೇಳಿದೆ. ಅವಳು ನಗಲಿಲ್ಲ. ಗುಳಿಗೆ ಕೊಟ್ಟಿದ್ದಾರಾ ಎಂದು ಕೇಳಿದಳು. ಅಕ್ಕ ರಾತ್ರಿಯೂ ಕೊಟ್ಟಿರಲಿಲ್ಲ, ಬೆಳಿಗ್ಗೆಯೂ ಕೊಟ್ಟಿರಲಿಲ್ಲ. ದಿನಾ ಕೊಡಬೇಕಾದ ಶಕ್ತಿ ಗುಳಿಗೆ ಎಂದಷ್ಟೇ ಹೇಳಿ ಸುಮಾ ಅದನ್ನು ಅವಳ ಕೈಗೆ ಕೊಟ್ಟುಹೋಗಿದ್ದಳು. ಹೊಟ್ಟೆ ಖಾಲಿ, ಮೇಲೆ ಜ್ವರ, ಗುಳಿಗೆ ಉಷ್ಣವಾಗುತ್ತದೆ ಎಂದು ಅಕ್ಕ ಎತ್ತಿಟ್ಟಿದ್ದಳು. ನಮ್ಮಲ್ಲಿ ಯಾರ ಮನೆಯಲ್ಲಿ ಹೀಗೆ ಮಾಡುವುದಿಲ್ಲ, ಹೇಳಿ? ಜ್ವರ ಬಂದರೆ ಮೊದಲು ನಿಲ್ಲಿಸುವುದೇ ಟಾನಿಕ್ಕು.

"ಮಾವಾರ, ಅದು ಶಕ್ತಿ ಗುಳಗಿ ಅಲ್ರಿ. ಫ್ರಿಜ್ಜಿನ ಮ್ಯಾಲಿನ ಡಬ್ಬ್ಯಾಗ ಇಂಜೆಕ್ಷನ್ ಐತಿ, ತಗೊಂಡು ಆಕಿನ್ನ ಎತ್ಕೊಂಡು ಲಗೂ ಆಸ್ಪತ್ರಿಗೆ ಹೋಗ್ರಿ. ಡಾಕ್ಟರ್ ಕೈಯಾಗ ಫೋನ್ ಕೊಡ್ರಿ."

ಹೋದೆವು. ಡಾಕ್ಟರು ಫೋನಿನಲ್ಲಿ ಕೇಳಿಸಿಕೊಳ್ಳುತ್ತಲೇ ಇಂಜೆಕ್ಷನ್ ಕೊಟ್ಟರು, ಸಲೈನ್ ಹಚ್ಚಿದರು. ಇನ್ನೂ ತಡವಾಗಿದ್ದರೆ ಉಳಿಸುವುದು ಕಷ್ಟವಿತ್ತು ಎಂದರು. ಸಂಜೆಗೆ ಅನು ಎದ್ದು ಕೂತು ಚಿಪ್ಸ್ ಬೇಕೆಂದು ಜಗಳ ತೆಗೆದಳು.

ಡಾಕ್ಟರು ಹೇಳಿದ್ದರಲ್ಲಿ ನನಗೆ ತಿಳಿದಷ್ಟು ಇದು. ಕಂಜೆನಿಟಲ್ ಅಡ್ರೀನಲ್ ಹೈಪರ್‌ಪ್ಲೇಸಿಯಾ ಎಂಬುದು ಹುಟ್ಟಿನಿಂದಲೇ ಬರುವ ತೊಂದರೆ. ಮೂತ್ರಪಿಂಡಗಳ ಮೇಲೆ ಎರಡು ಸಣ್ಣ ಗ್ರಂಥಿಗಳಿವೆ. ಅನುಳಂಥ ಮಕ್ಕಳಲ್ಲಿ ಅವು ಬೇಕಾದ ಹಾರ್ಮೋನು ಮಾಡುವುದಿಲ್ಲ, ಮೈಯೊಳಗಿನ ಉಪ್ಪು ಸೋರಿಹೋಗುತ್ತದೆ. ಆ ಹಾರ್ಮೋನನ್ನೇ ದಿನಾ ಗುಳಿಗೆಯಲ್ಲಿ ಕೊಡಬೇಕು, ಜೀವನಪೂರ್ತಿ. ಜ್ವರ ಬಂದರೆ ನಿಲ್ಲಿಸುವುದಲ್ಲ, ಡಾಕ್ಟರು ಹೇಳಿದಂತೆ ಹೆಚ್ಚಿಸಬೇಕು. ವಾಂತಿಯಾಗಿ ಗುಳಿಗೆ ನಿಲ್ಲದಿದ್ದರೆ ಇಂಜೆಕ್ಷನ್. ಅಂದರೆ ನಾವು ಜಾಣತನ ಎಂದು ಮಾಡುವುದೆಲ್ಲ ಇಲ್ಲಿ ತಿರುಗುಮುರುಗು.

ಮಧ್ಯಾಹ್ನದೊಳಗೇ ಹಾವೇರಿಯಿಂದ ಸುಮಾ ಬಂದಿದ್ದಳು. ಮಗುವಿನ ಹಾಸಿಗೆಯ ಆಚೆ ಅವಳು, ಈಚೆ ಅಕ್ಕ.

"ನಾ ಏನ್ ಹೊರಗಿನಾಕಿ ಏನವಾ? ನನಗ ಒಂದ್ ಮಾತು ಹೇಳಬಾರದಿತ್ತೇನು?" ಎಂದಳು ಅಕ್ಕ.

ಸುಮಾ ಮಗುವಿನ ಹೊದಿಕೆ ಸರಿಮಾಡುತ್ತಲೇ ಕೇಳಿದಳು: "ಹೇಳಿದ್ರ ನೀವು ಈಕಿನ್ನ ಹೆಣ್ಣು ಅಂತ ನೋಡ್ತಿದ್ರೇನ್ರಿ ಅತ್ತಿ?"

ಆಗ ನನಗೆ ತೊಟ್ಟಿಲು ಕಾರ್ಯ ಮುಂದೆ ಹೋಗಿದ್ದು ನೆನಪಾಯಿತು. ಮಗು ಸಣ್ಣದಿದೆ, ತೂಕ ಬರಲಿ ಎಂದಿದ್ದರು. ನಿಜ ಬೇರೆಯೇ ಇತ್ತು. ಈ ತೊಂದರೆಯಲ್ಲಿ ಗಂಡು ಹಾರ್ಮೋನು ಹೆಚ್ಚಾಗಿ, ಹುಟ್ಟಿದ ಹೆಣ್ಣುಮಗುವನ್ನು ನೋಡಿದ ಕೂಡಲೇ ಹೆಣ್ಣೋ ಗಂಡೋ ಎಂದು ಹೇಳಲಾಗದ ಹಾಗೆ ಇರಬಹುದಂತೆ. ಪರೀಕ್ಷೆ ಆಗಿ, ಹೆಣ್ಣೇ ಎಂದು ಡಾಕ್ಟರು ಹೇಳುವವರೆಗೆ ಗಂಡ ಹೆಂಡತಿ ಇಬ್ಬರೇ ಅದನ್ನು ನುಂಗಿಕೊಂಡಿದ್ದರು. ಆಮೇಲೂ ಬಾಯಿ ಬಿಡಲಿಲ್ಲ. ಒಬ್ಬರಿಗೆ ಹೇಳಿದರೆ ಓಣಿಗೆ ಹೇಳಿದಂತೆ, ನಾಳೆ ಮಗಳ ಮದುವೆಯ ಮಾತು ಬಂದಾಗ ಇದೇ ಎದ್ದು ನಿಲ್ಲುತ್ತದೆ ಎಂಬ ಹೆದರಿಕೆ.

ಹೇಳಿದ್ದರೆ ಅಕ್ಕ ಗುಳಿಗೆ ತಪ್ಪಿಸುತ್ತಿರಲಿಲ್ಲ. ಹೇಳದ್ದಕ್ಕೇ ಮಗು ನಾಲ್ಕು ವರ್ಷ ಎಲ್ಲರ ತೊಡೆಯ ಮೇಲೆ ನಿಶ್ಚಿಂತೆಯಿಂದ ಬೆಳೆಯಿತು. ಇದರಲ್ಲಿ ಯಾವುದನ್ನು ತಪ್ಪು ಅನ್ನಲಿ? ಈಗ ಗುಳಿಗೆ ಅಕ್ಕನೇ ಕೊಡುತ್ತಾಳೆ. ದೃಷ್ಟಿಯನ್ನೂ ತೆಗೆಯುತ್ತಾಳೆ, ಆದರೆ ಮುಷ್ಟಿಯಲ್ಲಿ ಬರೀ ಮೆಣಸಿನಕಾಯಿ.

(ಹೆಸರು ಬದಲಿಸಿದ್ದೇನೆ. ಅಚ್ಚಿಗೆ ಹೋಗುವ ಮೊದಲು ಸುಮಾ ಇದನ್ನು ಓದಿದಳು. ಒಂದು ಸಾಲು ತೆಗೆಸಿ, ಉಳಿದದ್ದು ಇರಲಿ ಎಂದಳು.)

ಆ ಬೆಳಿಗ್ಗೆ ಉಪ್ಪು ಬಾಯಿಗೆ ಹೋದದ್ದನ್ನು ಕಂಡವರಲ್ಲಿ ನಾನಿದ್ದೇನೆ, ಅಕ್ಕ ಇದ್ದಾಳೆ, ಅನುವೂ ಇದ್ದಾಳೆ. ದೊಡ್ಡವಳಾಗಿ ಅವಳು ಕೇಳಿದಾಗ, ನಮ್ಮಲ್ಲಿ ಯಾರು ಪೂರ್ತಿ ಹೇಳುತ್ತೇವೆ?