ಹಬೆಯೊಳಗಿನ ದುಬೈ ವಿಸ್ಕಿ

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಫಿಲೇಚರೊಂದರಲ್ಲಿ ಗೂಡು ಬೇಯಿಸುವ ಬಾಯ್ಲರ್ ರಿಪೇರಿ ಮುಗಿಸಿದ್ದೆ. ಯಜಮಾನರಾದ ರೆಡ್ಡಪ್ಪ, ಭಾಮೈದ ದುಬೈಯಿಂದ ತಂದುಕೊಟ್ಟ ವಿಸ್ಕಿಯನ್ನು ನನಗೂ ಬಗ್ಗಿಸಿದರು. ಹಬೆಯಲ್ಲಿ ಅವರ ಮುಖ ಮೂಡುತ್ತಿತ್ತು, ಕರಗುತ್ತಿತ್ತು.

"ಈ ಬೆಲೆಗೆ ಎರಡು ಕುರಿ ಬರ್ತವೆ. ವಾಸ್ನೆ ಹೆಂಗೈತಪ್ಪ? ಮೂವತ್ತು ವರ್ಷ ಈ ಹಬೇಲಿದ್ದು ನನ್ನ ಮೂಗು ಸತ್ತೋಗೈತೆ."

ಮೂಸಿದೆ. ಬೆಂದ ಹುಳದ ನಾತ ಬಿಟ್ಟು ಏನೂ ಸಿಗಲಿಲ್ಲ. ಅವರು ಕಾಯುತ್ತಿದ್ದರು.

"ಮಳೆ ಬಿದ್ದ ಹಿಪ್ಪುನೇರಳೆ ತೋಟದ ಹಾಗಿದೆ ಸಾರ್. ಹಿಂದೆಯೇ ಬೆಲ್ಲದ ಪಾಕ."

ರೆಡ್ಡಪ್ಪ ಕಣ್ಣು ಮುಚ್ಚಿ ಗುಟುಕರಿಸಿದರು. "ಹೌದು ಕಣಪ್ಪ, ಬೆಲೆಗೆ ಮೋಸ ಇಲ್ಲ," ಅಂದರು, ಎಲ್ಲೋ ದೂರದಿಂದೆಂಬಂತೆ.

ಬಾಯಿಯ ವಿಸ್ಕಿ ವಾಸನೆಗೆ ಹೆದರಿಕೊಂಡೇ ಚಿಂತಾಮಣಿಯಲ್ಲಿರುವ ನನ್ನ ಮನೆ ಸೇರಿದೆ. "ಥೂ, ಬರೀ ಹುಳದ ವಾಸ್ನೆ! ಮೊದ್ಲು ಸ್ನಾನ ಮಾಡಿ," ಅಂದಳು ಹೆಂಡತಿ.

ಬಚಾವಾದೆ, ನಿಜ. ಆದರೂ ಅಷ್ಟು ದುಬಾರಿ ವಿಸ್ಕಿ ಕುಡಿದು ಬಂದವನಿಗೆ ಸ್ವಲ್ಪ ಅವಮಾನವೇ ಆಯಿತು.